ಅಡುಗೆಮನೆಗೊಂದು, ಪಡಸಾಲೆಗೊಂದು

ಅಂಬ್ರಪ್ಪ ಹೈದರಾಬಾದಿಗೆ ಹೋದದ್ದು ಗೆಳೆಯನ ಮಗಳ ಮದುವೆಗೆ. ತಿರುಗಿ ಬಂದಾಗ ಅವನ ಎರಡೂ ಕಂಕುಳಲ್ಲಿ ಒಂದೊಂದು ರಟ್ಟಿನ ಪೆಟ್ಟಿಗೆ ಇತ್ತು. ಮೂರನೆಯದನ್ನು ಶಹಾಪುರದಿಂದ ಕರೆತಂದ ಜೀಪಿನ ಡ್ರೈವರು ಹೊತ್ತುಕೊಂಡು ಹಿಂದೆ ಬರುತ್ತಿದ್ದ. ಭೀಮರಾಯನಗುಡಿಯ ಕ್ವಾರ್ಟರ್ಸಿನ ಬಾಗಿಲಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದ ದೇವಕಮ್ಮ ಮೊರ ಕೆಳಗಿಟ್ಟು ಎದ್ದಳು.

“ಸೀರಿ ತರ್ತೀನಿ ಅಂದಿದ್ರಿ. ಇದೇನ್ರಿ ಇದು?”

“ಸೀರಿ ಉಟ್ಟಷ್ಟೂ ಹರೀತದ. ಇದು ಹರಿಯಂಗಿಲ್ಲ, ತಡಿ ತೋರಸ್ತೀನಿ,” ಎಂದು ಅಂಬ್ರಪ್ಪ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಹೋದ.

ಮೂರನೆಯ ಪೆಟ್ಟಿಗೆಯಿಂದ ಹೊರಬಂದದ್ದು ಕ್ಯಾಸೆಟ್ ಹಾಕುವ ಮಶೀನು. ಉಳಿದೆರಡರಲ್ಲಿ ಇದ್ದವು ಸ್ಪೀಕರ್. ದೇವಕಮ್ಮ ಸ್ಪೀಕರ್ ಅಂದರೆ ಮದುವೆ ಮನೆಯ ಕಂಬಕ್ಕೆ ಕಟ್ಟುವ ಮೈಕಿನ ಡಬ್ಬಿ ಎಂದು ತಿಳಿದವಳು. ಇವು ಮಾತ್ರ ಎರಡು ಇಟ್ಟಂಗಿಯನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟೇ ಇದ್ದವು. ಕಂದು ಬಣ್ಣದ ಕಟ್ಟಿಗೆ, ಎದುರಿಗೆ ಕರಿಯ ಜಾಳಿಗೆ ಬಟ್ಟೆ.

“ಪುಸ್ತಕದ ಕಪಾಟಿನ್ಯಾಗ ಇಡೋವಂತ ಇವು. ನನ್ನ ಗೆಳೆಯಾ ಹಾಂಗ ಇಟ್ಟಾನ. ಎಂಥಾ ಆವಾಜ ಅಂತಿ! ಮದುವಿ ಮನಿ ಬಿಟ್ಟು ಅವನ ಪುಸ್ತಕದ ಮುಂದ ಕುಂತಿದ್ದೆ ನಾ.”

ಅಂಬ್ರಪ್ಪನ ಮನೆಯಲ್ಲಿ ಕಪಾಟು ಇರಲಿಲ್ಲ. ಪಡಸಾಲೆಯ ಗೋಡೆಗೆ ಉದ್ದಕ್ಕೂ ಕೂಡಿಸಿದ ಒಂದು ಪರಸಿ ಕಲ್ಲು ಇತ್ತು. ಅದರ ಮೇಲೆ ದೇವಕಮ್ಮನ ಶಾಲೆಯ ಪುಸ್ತಕಗಳು ಒರಗಿಕೊಂಡಿದ್ದವು. ಅವಳು ಕಾಲುವೆ ನೌಕರರ ಕ್ಯಾಂಪಿನ ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದಳು. ಊರೆಲ್ಲ ಅವಳನ್ನು ಅಕ್ಕೋರು ಎಂದೇ ಕರೆಯುತ್ತಿತ್ತು. ಅಂಬ್ರಪ್ಪ ಕಾಲುವೆ ಆಫೀಸಿನಲ್ಲಿ ವರ್ಕ್ ಇನ್‌ಸ್ಪೆಕ್ಟರ್. ಕಾಲುವೆಗೆ ನೀರು ಬಂದು ಹತ್ತು ವರ್ಷವಾಗುತ್ತ ಬಂದಿತ್ತು. ಅಂದಿನಿಂದಲೂ ಅವನ ಕೆಲಸ ಒಂದೇ. ಮೇಲಿನ ಹೊಲದವರು ನೀರನ್ನೆಲ್ಲ ತಾವೇ ಎಳೆದುಕೊಳ್ಳದಂತೆ, ಕೊನೆಯ ಹೊಲದವನಿಗೂ ಅವನ ಪಾಲು ಮುಟ್ಟುವಂತೆ ನೋಡಿಕೊಳ್ಳುವುದು. ಆ ಕೆಲಸ ಮಾಡಿ ಮಾಡಿ ಅವನಿಗೆ ಎಲ್ಲವನ್ನೂ ಸಮಪಾಲು ಮಾಡುವ ಚಾಳಿ ಅಂಟಿತ್ತು. ಪೇರಲ ಹಣ್ಣು ಕೊಯ್ದರೂ ಎರಡು ಹೋಳನ್ನು ಅಂಗೈಯಲ್ಲಿಟ್ಟು ತೂಗಿ ನೋಡಿಯೇ ದೊಡ್ಡದನ್ನು ಹೆಂಡತಿಗೆ ಕೊಡುತ್ತಿದ್ದ.

ಹಾಗಾಗಿ ಎರಡು ಸ್ಪೀಕರ್ ಯಾಕೆ ಕೊಟ್ಟಿದ್ದಾರೆ ಎಂಬ ಬಗ್ಗೆ ಅವನಿಗೆ ಅನುಮಾನವೇ ಬರಲಿಲ್ಲ.

“ನಾ ಒಬ್ಬನೇ ಪಡಸಾಲಿಯೊಳಗ ಕುಂತು ಹಾಡು ಕೇಳೋದು, ನೀ ಒಳಗ ಹೊಗಿಯಾಗ ರೊಟ್ಟಿ ಬಡಿಯೋದು, ಇದು ಯಾವ ನ್ಯಾಯ? ನನಗೊಂದು, ನಿನಗೊಂದು.”

ಮರುದಿನವೇ ಶಹಾಪುರಕ್ಕೆ ಹೋಗಿ ಉದ್ದನೆಯ ವೈರು ತಂದು, ಬಾಗಿಲ ಚೌಕಟ್ಟಿನ ಮೇಲೆ ಮೊಳೆ ಬಡಿದು, ಒಂದು ಸ್ಪೀಕರನ್ನು ಅಡುಗೆಮನೆಯ ಗೂಡಿನಲ್ಲಿ ಉಪ್ಪಿನ ಭರಣಿಯ ಪಕ್ಕ ಇಟ್ಟ. ಇನ್ನೊಂದು ಪಡಸಾಲೆಯ ಪರಸಿಯ ಮೇಲೆ ಉಳಿಯಿತು. ದೇವಕಮ್ಮನಿಗೆ ಸೀರೆಯ ಸಿಟ್ಟು ಅಲ್ಲಿಗೇ ಇಳಿಯಿತು. ತನ್ನ ಪಾಲಿಗೆಂದು ಒಂದು ಡಬ್ಬಿ ಎತ್ತಿಟ್ಟ ಗಂಡನ ಮೇಲೆ ಎಷ್ಟು ಹೊತ್ತು ಮುನಿಸಿಕೊಳ್ಳಲು ಬಂದೀತು?

ಅಂಬ್ರಪ್ಪ ಮಶೀನಿನ ಜೊತೆ ಒಂದು ಕ್ಯಾಸೆಟ್ಟನ್ನೂ ತಂದಿದ್ದ. ಕೃಷ್ಣಾ ದಂಡೆಯ ಯಾವುದೋ ಹಳ್ಳಿಯ ಭಜನಾ ಮೇಳದವರು ಹಾಡಿದ ತತ್ವಪದಗಳು. ಸಂಜೆ ಸೈಕಲ್ಲು ಗೋಡೆಗೆ ಆನಿಸಿ, ಕೈಕಾಲು ತೊಳೆದು, ಅವನು ಕ್ಯಾಸೆಟ್ ಹಾಕಿ ಹೊರಸಿನ ಮೇಲೆ ಕೂಡುತ್ತಿದ್ದ. ಒಳಗೆ ದೇವಕಮ್ಮ ಹಂಚು ಕಾಯಲಿಟ್ಟು ಹಿಟ್ಟು ನಾದುತ್ತಿದ್ದಳು. ಗೂಡಿನಿಂದ ತಬಲಾ ಕೇಳಿಸುತ್ತಿತ್ತು. ಜೊತೆಗೆ ತಾಳ, ಹಾರ್ಮೋನಿಯಂ ಪೇಟಿ, ನಡುನಡುವೆ ಮೇಳದವರು ಎತ್ತಿಕೊಳ್ಳುವ ಪಲ್ಲವಿ. ಹಾಡುವವನು ಮಾತ್ರ ಎಲ್ಲೋ ನಾಲ್ಕು ಮನೆ ಆಚೆ ಕೂತು ಗುನುಗುವ ಹಾಗೆ ಇತ್ತು.

ಅದರಿಂದ ಅವಳಿಗೆ ಬೇಸರವಾಯಿತೇ ಎಂದರೆ, ಮೊದಮೊದಲು ಇಲ್ಲ. ಅವಳ ಅಪ್ಪ ಭಾಗಣ್ಣ ಹಗಲು ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದ, ಸೋಮವಾರ ಸಂಜೆ ಭಜನೆಯಲ್ಲಿ ತಬಲಾ ಬಾರಿಸುತ್ತಿದ್ದ. ಚಿಕ್ಕವಳಿದ್ದಾಗ ಅವಳು ಅಪ್ಪನ ತೊಡೆಗೆ ಒರಗಿ ಕೂಡುತ್ತಿದ್ದಳು. ಅಲ್ಲಿಯೂ ಹಾಡು ದೂರ, ತಬಲಾ ಕಿವಿಯ ಬುಡದಲ್ಲೇ. ಎಡಗೈಯ ದೊಡ್ಡ ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸಿದಾಗ ಬರುವ ಗುಂಯ್ ಎನ್ನುವ ನಾದ ಈ ಸಣ್ಣ ಡಬ್ಬಿಯೊಳಗಿಂದ ಅಷ್ಟು ದುಂಡಗೆ ಬರುವುದು ಕಂಡು ಅವಳ ಕೈ ರೊಟ್ಟಿಯ ಮೇಲೆ ತಾನಾಗಿಯೇ ಆ ಲಯ ಹಿಡಿಯುತ್ತಿತ್ತು.

ಆದರೆ ಪಡಸಾಲೆಯಿಂದ ಗಂಡನ ಕೂಗು ಬರುತ್ತಿತ್ತು. “ಕೇಳಿದಿ? ಆ ಸಾಲು ಹೆಂಗ ಎತ್ತಿದ ನೋಡು!”

“ಹ್ಞೂಂ,” ಎನ್ನುತ್ತಿದ್ದಳು ದೇವಕಮ್ಮ. ಯಾವ ಸಾಲು, ಯಾರು ಎತ್ತಿದರು, ಒಂದೂ ತಿಳಿಯುತ್ತಿರಲಿಲ್ಲ. ಇಷ್ಟು ಆಸೆಯಿಂದ ತಂದವನ ಮುಂದೆ ಇಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ.

ಪಕ್ಕದ ಮನೆಯ ಮಲಕಮ್ಮ ಒಂದು ಸಂಜೆ ಮಜ್ಜಿಗೆ ಕೇಳಲು ಬಂದು ಗೂಡಿನ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಚಲೋ ಅದ. ಆದ್ರ ಯಕ್ಕಾ, ಇದರಾಗ ಹಾಡೋರು ಯಾವಾಗ ಬರ್ತಾರ? ಬಾರಸೋರು ಬಂದು ಎಷ್ಟೊತ್ತಾತು!”

ದೇವಕಮ್ಮ ನಕ್ಕು ಮಜ್ಜಿಗೆ ಕೊಟ್ಟು ಕಳಿಸಿದಳು. ಆ ಮಾತು ಮಾತ್ರ ಮನಸ್ಸಿನಿಂದ ಹೋಗಲಿಲ್ಲ.

ಹೀಗಿರುವಾಗ ಖಂಡಪ್ಪ ಬಂದ. ಅವನು ಅಂಬ್ರಪ್ಪನ ಆಫೀಸಿನಲ್ಲೇ ಗುಮಾಸ್ತ, ಮನೆ ಸುರಪುರದಲ್ಲಿ. ಮಣ್ಣಿನ ಗಡಿಗೆ ಕೊಳ್ಳಬೇಕಾದರೂ ಊರಿನ ನಾಲ್ಕು ಮಂದಿಯನ್ನು ಕೇಳಿ, ಅದನ್ನು ಬೆರಳಿನಿಂದ ಬಾರಿಸಿ, ಮತ್ತೆ ಮನೆಗೆ ಹೋಗಿ ಯೋಚಿಸುವ ಮನುಷ್ಯ. ಅಂಬ್ರಪ್ಪ ಆಫೀಸಿನಲ್ಲಿ ದಿನವೂ ಹೊಗಳುವುದನ್ನು ಕೇಳಿ ಅವನಿಗೂ ಅಂಥದ್ದೊಂದು ಜೋಡಿ ಬೇಕೆನಿಸಿತ್ತು.

“ತಗೊಂಡೋರ ಬಾಯಿಂದ ಕೇಳಬೇಕು ನೋಡ್ರಿ. ಅಂಗಡ್ಯಾವ ಎಲ್ಲಾ ಚಲೋನೇ ಅಂತಾನ,” ಎಂದು ಚಹಾದ ಕಪ್ಪು ಹಿಡಿದು ಹೊರಸಿನ ತುದಿಗೆ ಕೂತ. “ಹೇಳ್ರಿ ಅಣ್ಣಾ, ಹೆಂಗದ?”

“ಗಾಯನ ಅಂದ್ರ ಗಾಯನ! ಹಾಡೋವ ಇಲ್ಲೇ ಮುಂದ ಕುಂತಾಂಗ. ಅಂವಾ ಉಸಿರು ತಗೊಳ್ಳೋದು ಸೈತ ಕೇಳಸ್ತದ. ಒಂದೇ ಕಮ್ಮಿ ಅಂದ್ರ ತಬಲಾ. ಸಣ್ಣ ಡಬ್ಬಿ ನೋಡು, ತಬಲಾದ ದಮ್ಮು ಇದರಾಗ ಹಿಡಿಯಂಗಿಲ್ಲ.”

ಖಂಡಪ್ಪ ತಲೆಯಾಡಿಸಿ ದೇವಕಮ್ಮನ ಕಡೆ ತಿರುಗಿದ. “ನೀವೇನಂತೀರಿ ಅಕ್ಕೋರ?”

ದೇವಕಮ್ಮನಿಗೆ ಆ ಹೊತ್ತಿಗೆ ತಡೆಯಲಾಗಲಿಲ್ಲ. ಅಪ್ಪನ ತಬಲಾದ ಮೇಲೆ ಯಾರೋ ಕೈಯಿಟ್ಟಂತೆ ಆಯಿತು.

“ದಮ್ಮು ಇಲ್ಲಂತ ಯಾರು ಹೇಳಿದ್ರು? ತಬಲಾ ಅಂತೂ ಎದಿಯಾಗ ಬಾರಿಸಿದಾಂಗ ಕೇಳಸ್ತದ. ಕಮ್ಮಿ ಅಂದ್ರ ಗಾಯನ. ಹಾಡೋವನ ಬಾಯಾಗ ಅರಿವಿ ತುರುಕ್ಯಾರೇನೋ ಅನಸ್ತದ.”

ಖಂಡಪ್ಪ ಕಪ್ಪನ್ನು ಕೆಳಗಿಟ್ಟು ಇಬ್ಬರ ಮುಖವನ್ನೂ ನೋಡಿದ. “ನೀವಿಬ್ರೂ ಒಂದೇ ಮನ್ಯಾಗ ಇರ್ತೀರಿ, ಹೌದಲ್ರಿ?”

ಅಂಬ್ರಪ್ಪನಿಗೆ ಮುಜುಗರವಾಯಿತು. “ಆಕಿ ಮಾತು ಬಿಡು. ರೊಟ್ಟಿ ಸಪ್ಪಳದಾಗ ಆಕಿಗೆ ಏನು ಕೇಳ್ತದ? ಹಾಡಿನ ಕಡಿ ಲಕ್ಷ್ಯ ಕೊಟ್ರಲ್ಲ!”

ದೇವಕಮ್ಮ ಕಪ್ಪು ಬಸಿ ಎತ್ತಿಕೊಂಡು ಒಳಗೆ ಹೋದಳು. ಒಂದೇ ಜೋಡಿ ಸ್ಪೀಕರಿನ ಬಗ್ಗೆ ಒಂದೇ ಮನೆಯಲ್ಲಿ ಎರಡು ಮಾತು ಕೇಳಿದ ಖಂಡಪ್ಪ, “ಒಂದರಾಗ ಏನೋ ಐಬು ಅದ ನೋಡ್ರಿ. ನಾ ಇನ್ನಷ್ಟು ವಿಚಾರ ಮಾಡ್ತೀನಿ,” ಎಂದು ಸುರಪುರದ ಬಸ್ಸು ಹಿಡಿದ. ಆ ಸಂಜೆ ಅಂಬ್ರಪ್ಪ ಕ್ಯಾಸೆಟ್ ಹಾಕಿದ, ಅಡುಗೆಮನೆಯಿಂದ ಒಂದು ಹ್ಞೂಂ ಕೂಡ ಬರಲಿಲ್ಲ. ಹಾಡಿನ ಅರ್ಧಕ್ಕೇ ಬಂದ್ ಮಾಡಿಬಿಟ್ಟ.

ಮರುದಿನ ಆದಿತ್ಯವಾರ. ಕೆಂಭಾವಿ ಕಡೆಯ ಮರಿಕಾಲುವೆಯ ದಂಡೆ ಕುಸಿದಿದೆ ಎಂದು ಬೆಳಗಾಗುತ್ತಲೇ ಆಫೀಸಿನ ಜೀಪು ಬಂತು. ಅಂಬ್ರಪ್ಪ ಬುತ್ತಿ ಕಟ್ಟಿಸಿಕೊಂಡು ಹೋದ.

ದೇವಕಮ್ಮ ಮನೆ ಸಾರಿಸಿ, ಬಟ್ಟೆ ಒಗೆದು ಹಾಕಿ, ಅಡುಗೆಮನೆಗೆ ಬಂದಾಗ ಸ್ಪೀಕರ್ ಕಣ್ಣಿಗೆ ಬಿತ್ತು. ಜಾಳಿಗೆ ಬಟ್ಟೆಯ ಮೇಲೆ ಜೋಳದ ಹಿಟ್ಟು ಕೂತು ಬಿಳಿಚಿಕೊಂಡಿತ್ತು, ಕಟ್ಟಿಗೆಗೆ ಒಗ್ಗರಣೆಯ ಜಿಡ್ಡು. ಐಬು ಇದ್ದರೆ ಇದರದೇ ಇರಬೇಕು, ಪಾಪ, ಹಿಟ್ಟು ತಿಂದು ಗಂಟಲು ಕಟ್ಟಿದೆ ಎಂದುಕೊಂಡು ಅದನ್ನು ವೈರಿನ ಸಮೇತ ಪಡಸಾಲೆಗೆ ತಂದಳು. ಬೆಳಕಿನಲ್ಲಿ ಕೂತು ಹಳೆಯ ಸೀರೆಯ ಚೂರಿನಿಂದ ಮೂಲೆ ಮೂಲೆ ಒರೆಸಿದಳು. ಒರೆಸಿದ ಮೇಲೆ ನೆಲದ ಮೇಲಿಡಲು ಮನಸ್ಸಾಗದೆ, ಪರಸಿಯ ಇನ್ನೊಂದು ತುದಿಯಲ್ಲಿ ಪುಸ್ತಕ ಸರಿಸಿ ಇಟ್ಟಳು. ಗಂಟಲು ಬಿಟ್ಟಿದೆಯೋ ನೋಡೋಣ ಎಂದು ಕ್ಯಾಸೆಟ್ ಹಾಕಿ, ಹೊರಸಿನ ನಡುಭಾಗದಲ್ಲಿ ಕೂತಳು.

ಪೇಟಿ ಶುರುವಾಯಿತು. ಅದು ಈ ಡಬ್ಬಿಯಿಂದಲೂ ಬರಲಿಲ್ಲ, ಆ ಡಬ್ಬಿಯಿಂದಲೂ ಬರಲಿಲ್ಲ. ಎರಡರ ನಡುವೆ, ಮೂರನೆಯ ಇಯತ್ತೆಯ ಗಣಿತದ ಪುಸ್ತಕಗಳು ನಿಂತಿದ್ದ ಜಾಗದಿಂದ ಬಂತು. ದೇವಕಮ್ಮ ಎದ್ದು ಹೋಗಿ ಪುಸ್ತಕಗಳ ಹಿಂದೆ ಕೈಹಾಕಿ ನೋಡಿದಳು. ಬರೀ ಗೋಡೆ. ಮತ್ತೆ ಬಂದು ಕೂತಳು. ಎಡಗಡೆಯಲ್ಲಿ ಹಾಡುವವನು ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಂಡು ದನಿ ತೆಗೆದ. ಬಲಗಡೆಯಿಂದ ತಬಲಾ ಅವನನ್ನು ಬಂದು ಕೂಡಿಕೊಂಡಿತು. ಅವನು ಒಂದು ಸಾಲು ಹಾಡಿ ಬಿಟ್ಟ. ಬಲಕ್ಕೆ ಕೂತ ಮೇಳದವರು ಅದನ್ನು ಎತ್ತಿಕೊಂಡರು. ಎತ್ತಿಕೊಂಡದ್ದನ್ನು ಅವನು ಮತ್ತೆ ಇಸಿದುಕೊಂಡ. ಪರಸಿಯ ಉದ್ದಕ್ಕೂ ಒಂದು ಭಜನಾ ಮೇಳವೇ ಸಾಲಾಗಿ ಕೂತಿತ್ತು. ಯಾರು ಎಲ್ಲಿ ಎಂದು ಬೆರಳು ಮಾಡಿ ತೋರಿಸಬಹುದಾಗಿತ್ತು.

ಅವಳು ಹೊರಸಿನ ತುದಿಗೆ ಸರಿದು ನೋಡಿದಳು, ಮೇಳವೆಲ್ಲ ಒಂದೇ ಡಬ್ಬಿಯೊಳಗೆ ಹೊಕ್ಕಂತಾಯಿತು. ನಡುವಿಗೆ ಬಂದಳು, ಮತ್ತೆ ಹರಡಿ ಕೂತರು. ಅಡುಗೆಮನೆಗೆ ಹೋಗಿ ನಿಂತು ಕೇಳಿದಳು, ತಿರುಗಿ ಬಂದಳು. ಕೂಸಿನ ಹಾಗೆ ಹೀಗೆ ಓಡಾಡುವಾಗ ಅವಳಿಗೇ ನಗು ಬಂತು. ಐಬು ಡಬ್ಬಿಯದಲ್ಲ, ಗಂಡನ ನ್ಯಾಯದ್ದು! ಒಂದು ಹಾಡನ್ನು ನಡುವೆ ಸೀಳಿ ಗಾಯನ ತಾನಿಟ್ಟುಕೊಂಡು ತಬಲಾ ಹೆಂಡತಿಗೆ ಕೊಟ್ಟಿದ್ದ. ಕ್ಯಾಸೆಟ್ಟಿನ ಎರಡೂ ಮಗ್ಗಲು ಮುಗಿಯುವ ಹೊತ್ತಿಗೆ ಒಲೆಯ ಮೇಲಿನ ಬೇಳೆ ತಳ ಹಿಡಿದಿತ್ತು.

ಅಂಬ್ರಪ್ಪ ದೀಪ ಹಚ್ಚುವ ಹೊತ್ತಿಗೆ ಮೊಣಕಾಲ ತನಕ ಕೆಸರು ಮೆತ್ತಿಕೊಂಡು ಬಂದ. ದಂಡೆ ಕಟ್ಟಿಸಿ ಬಂದ ಸಮಾಧಾನ ಮುಖದಲ್ಲಿತ್ತು, ಆದರೂ ಹೆಂಡತಿಯ ಮುಖ ನೋಡಲು ಹಿಂಜರಿದ.

“ನಿನ್ನಿ ಖಂಡಪ್ಪನ ಮುಂದ ನಾ ಹಂಗ ಅನಬಾರದಾಗಿತ್ತು.”

“ಇರಲಿ. ಕಾಲು ತೊಳಕೊಂಡು ಇಲ್ಲಿ ಕುಂದರ್ರಿ. ಅಲ್ಲಲ್ಲ, ನಡುವ. ಇನ್ನಾ ಜರಾ ಇತ್ತಾಗ.”

“ಯಾಕ? ಏನಾತು?”

“ಮಾತಾಡಬ್ಯಾಡ್ರಿ.”

ಕ್ಯಾಸೆಟ್ ತಿರುಗಿತು. ಅಂಬ್ರಪ್ಪ ಮೊದಲು ಪುಸ್ತಕಗಳ ಕಡೆ ನೋಡಿದ, ಆಮೇಲೆ ಬಲಕ್ಕೆ, ಆಮೇಲೆ ಎಡಕ್ಕೆ. ತಬಲಾ ಬಂದು ಕೂಡಿದಾಗ ಅವನ ಬಾಯಿ ತೆರೆದೇ ಉಳಿಯಿತು. ಹಾಡು ಮುಗಿಯುವವರೆಗೂ ಅವನು ಅಲುಗಾಡಲಿಲ್ಲ. ತೊಳೆದ ಕಾಲಿನಿಂದ ನೀರು ನೆಲದ ಮೇಲೆ ಹನಿಯುತ್ತಲೇ ಇತ್ತು.

“ಅಲ್ಲೇ ಹೈದರಾಬಾದಿನ್ಯಾಗ ಕೇಳಿದ್ದು ಇದನ್ನೇ ನೋಡು,” ಎಂದ ಕೊನೆಗೆ ಮೆಲ್ಲಗೆ. “ಇಲ್ಲಿ ಬಂದ ಮ್ಯಾಲ ಏನೋ ಕಮ್ಮಿ ಅನಸ್ತಿತ್ತು. ನನ್ನ ಕಿವಿನೇ ಮಂದ ಆಗ್ಯಾವೋ ಅಂತ ಸುಮ್ಮನಿದ್ದೆ.” ಅಷ್ಟರಲ್ಲೇ ಅವನ ಹಳೆಯ ಚಾಳಿ ತಲೆ ಎತ್ತಿತು. “ಆದ್ರ ಎರಡೂ ಇಲ್ಲೇ ಇಟ್ರ ನೀ ಏನು ಕೇಳ್ತಿ? ಅಡಗಿ ಮನಿಗೆ ಏನೂ ಬರಂಗಿಲ್ಲಲ್ಲ.”

“ಅಡಗಿ ಮನಿಗ್ಯಾಕ ಬರಬೇಕು? ನಾನೇ ಇಲ್ಲಿ ಬರ್ತೀನಿ. ಮೊದಲ ಉಂಡುಬಿಡೋಣು, ಇಬ್ರೂ ಕೂಡೇ. ಆಮ್ಯಾಲ ಹಾಡು.”

ಆ ಮನೆಯಲ್ಲಿ ಅಲ್ಲಿಯವರೆಗೆ ಅಂಬ್ರಪ್ಪ ಉಂಡ ಮೇಲೆಯೇ ದೇವಕಮ್ಮ ಉಣ್ಣುವುದು ರೂಢಿ. ಯಾರೂ ಕಟ್ಟಪ್ಪಣೆ ಮಾಡಿದ್ದಲ್ಲ, ಹಾಗೆಯೇ ನಡೆದುಕೊಂಡು ಬಂದದ್ದು. ಅಂದು ಇಬ್ಬರೂ ಒಲೆಯ ಎದುರೇ ತಟ್ಟೆ ಹಾಕಿಕೊಂಡು ಸೀದುಹೋದ ಬೇಳೆಯ ಜೊತೆ ರೊಟ್ಟಿ ತಿಂದರು. ಸೀದ ವಾಸನೆ ಅಂಬ್ರಪ್ಪನ ಮೂಗಿಗೆ ಬಂದರೂ ಚಲೋ ಆಗಿದೆ ಎಂದೇ ಹೇಳಿದ. ಆಮೇಲೆ ಹೊರಸಿನ ನಡುವಿಗೆ ಬಂದರು. ನಡುವು ಒಂದೇ, ಕೂಡುವವರು ಇಬ್ಬರು. ಭುಜಕ್ಕೆ ಭುಜ ಹತ್ತಿಸಿ ಕೂಡುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಮಲಕಮ್ಮ ಕಿಟಕಿಯಿಂದ ನೋಡಿಯಾಳೆಂದು ದೇವಕಮ್ಮ ಎದ್ದು ಪರದೆ ಎಳೆದು ಬಂದಳು. ಯಾದಗಿರಿಯಲ್ಲಿ ಓದುತ್ತಿದ್ದ ಮಗಳು ಮೌನಮ್ಮ ಮುಂದಿನ ಶನಿವಾರ ಊರಿಗೆ ಬಂದಾಗ ಅಪ್ಪ ಅವ್ವ ಇಬ್ಬರೂ ಒಟ್ಟಿಗೆ ತಟ್ಟೆ ಹಾಕಿಕೊಂಡದ್ದು ಕಂಡು, “ಏನು ವಿಶೇಷ?” ಎಂದಳು. ಇಬ್ಬರೂ ಏನಿಲ್ಲ ಎಂದರು.

ಖಂಡಪ್ಪನನ್ನು ಕರೆಸಿ ಕೂಡಿಸಿ ಕೇಳಿಸಿದ್ದೂ ಆಯಿತು. ಈ ಸಲ ಗಂಡ ಹೆಂಡತಿ ಒಂದೇ ಮಾತು ಹೇಳಿದರು. ಅವನು ಇನ್ನೂ ಒಂದಿಷ್ಟು ದಿನ ವಿಚಾರ ಮಾಡಿ, ಹೈದರಾಬಾದಿಗೆ ಹೋಗುವವರ ಕೈಯಲ್ಲಿ ಹೇಳಿಕಳಿಸಿ ಒಂದು ಜೋಡಿ ತರಿಸಿಕೊಂಡ. ಮಶೀನಿಗೆ ಮೊದಲ ಸಲ ಕ್ಯಾಸೆಟ್ ಹಾಕುವ ದಿನ ಅಂಬ್ರಪ್ಪ, ದೇವಕಮ್ಮ ಇಬ್ಬರನ್ನೂ ಊಟಕ್ಕೆ ಕರೆದ.

ಸುರಪುರದ ಅವನ ಹಳೆಯ ಕಲ್ಲಿನ ಮನೆಯಲ್ಲಿ ತುಂಬಿದ ಸಂಸಾರ. ಅಣ್ಣ ತಮ್ಮಂದಿರು, ಸೊಸೆಯರು, ಮಕ್ಕಳು. ಇಷ್ಟು ಮಂದಿ ನಡುವಿನಲ್ಲಿ ಕೂಡುವುದು ಹೇಗೆ ಎಂದು ದೇವಕಮ್ಮ ದಾರಿಯುದ್ದಕ್ಕೂ ಯೋಚಿಸಿದ್ದಳು. ಬಾಗಿಲು ದಾಟಿ ನೋಡಿದರೆ ಎದುರಿನ ಗೂಡುಗಳಲ್ಲಿ ಎರಡು ಸ್ಪೀಕರ್, ಅವುಗಳ ನಡುವಿನಿಂದ ಹಿತ್ತಲ ಬಾಗಿಲವರೆಗೆ ಮನೆಮಂದಿಯೆಲ್ಲ ಒಬ್ಬರ ಬೆನ್ನ ಹಿಂದೆ ಒಬ್ಬರು ಕೂತಿದ್ದಾರೆ, ಮಕ್ಕಳು ಬಸ್ಸಿನಾಟ ಆಡುವ ಹಾಗೆ! ಎಲ್ಲರಿಗಿಂತ ಮುಂದೆ ಖಂಡಪ್ಪನ ತಾಯಿ ಕರೆಮ್ಮ, ಮೊಣಕಾಲು ಅಪ್ಪಿಕೊಂಡು.

“ನಡುವ ಕುಂತ್ರಷ್ಟೇ ಚಲೋ ಅಂತ ನೀವೇ ಹೇಳಿದ್ರಿ. ಮಗ್ಗಲಕ ಜಾಗ ಇಲ್ಲ, ಹಿಂದಕ್ಕ ಅದ,” ಎಂದ ಖಂಡಪ್ಪ, ತನ್ನ ಲೆಕ್ಕಾಚಾರದ ಮೇಲೆ ಪೂರ್ತಿ ಭರವಸೆಯಿಂದ.

ಸೋಬಾನೆ ಪದದ ಕ್ಯಾಸೆಟ್ ಶುರುವಾಯಿತು. ಎಡಕ್ಕೆ ಒಂದು ಗುಂಪಿನ ಹೆಂಗಸರು ಹಾಡಿದರೆ ಬಲಕ್ಕೆ ಇನ್ನೊಂದು ಗುಂಪು ತಿರುಗಿ ಹಾಡುತ್ತಿತ್ತು. ಕರೆಮ್ಮ ಒಂದು ಹಾಡು ಪೂರ್ತಿ ಕೇಳಿ ಹಿಂತಿರುಗಿ, “ಅಕ್ಕೋರ, ಈ ಕಡೀ ಗುಂಪಿನ್ಯಾಗ ಒಬ್ಬಾಕಿ ಪದ ಮರ್ತಾಳ, ಬರೇ ಬಾಯಿ ಆಡಸಾಕತ್ತಾಳ. ನೀವೂ ಕೇಳ್ರಿ,” ಎಂದು ಪಕ್ಕಕ್ಕೆ ಸರಿದು ತನ್ನ ಜಾಗ ಬಿಟ್ಟುಕೊಟ್ಟಳು. ದೇವಕಮ್ಮ ಮುಂದೆ ಹೋಗಿ ಕೂತಳು. ಅಂಬ್ರಪ್ಪ ಅವಳ ಬೆನ್ನ ಹಿಂದೆ ಜಾಗ ಮಾಡಿಕೊಂಡ. ಅವರ ಹಿಂದೆ ಸಾಲು ಒಂದು ಮೊಳ ಸರಿಯಿತು.