ನಾಲ್ಕು ಜನರ ಮೇಜು

ಈ ಮೂಲಕ ಸಮಸ್ತ ಲೋಕಕ್ಕೆ ತಿಳಿಯಪಡಿಸುವುದೇನೆಂದರೆ, ನೂಡಲ್ಸ್ ಅಂಗಡಿಯ ಗುಂಡುಮೇಜಿನ ಮೇಲಿನ ತಿರುಗೋ ಗಾಜು ಇನ್ನು ಮುಂದೆ ಕಿರ್ ಅನ್ನುವುದಿಲ್ಲ — ಬಾಗಿಲು ತಳ್ಳಿದ ಕೂಡಲೇ ಲಿಫ್ಟ್ ಮೆಕ್ಯಾನಿಕ್ಕಿನ ಕಣ್ಣು ಹೋದದ್ದು ಅಲ್ಲಿಗೇ, ನೀರಿನಂಥ ಗಾಜು, ನಡುವೆ ಸೋಯಾ ಸಾಸಿನ ಸೀಸೆ, ಸೋಮವಾರ ಒಬ್ಬನೇ ಬಂದು, ಬರೀ ಟೀ ಹೇಳಿ, ಯಾರೂ ನೋಡದಾಗ ಮೇಜಿನಡಿ ತೂರಿ ಬೇರಿಂಗಿಗೆ ಎರಡು ಹನಿ ಎಣ್ಣೆ ಬಿಟ್ಟವನು ಅವನೇ, ಐವತ್ತೆಂಟು ವರ್ಷದ ಗಂಡಸು, ಮೇಜಿನಡಿ, ಕಣ್ಣಾಮುಚ್ಚಾಲೆ ಆಡುವ ಮಗುವಿನ ಹಾಗೆ, ಈಗ ಬೆನ್ನ ಹಿಂದೆ ಅಕ್ಕ, ಕೈಚೀಲ ಎದೆಗೊತ್ತಿಕೊಂಡು, ಮೂರು ವರ್ಷದ ಮೇಲೆ ಕರೆದರೆ ಬಂದಿದ್ದಾಳೆ, ಅದೇ ದೊಡ್ಡದು, ಇನ್ನುಳಿದದ್ದು ಅರ್ಧ ಸುತ್ತು ಅಷ್ಟೇ: ಹಬೆಯಾಡುವ ಮೋಮೋ ಬರುತ್ತದೆ, ತಟ್ಟೆ ಗಾಜಿನ ಮೇಲೆ, ಒಂದೇ ಬೆರಳು, ತಟ್ಟೆ ಹೋಗಿ ಅಕ್ಕನ ಮುಂದೆ ನಿಲ್ಲುತ್ತದೆ — ಚಿಕ್ಕವರಿದ್ದಾಗ ಹೀಗೇ ತಾನೇ, ಜಗಳವಾದರೆ ತಪ್ಪು ಮಾಡಿದವರು ಬನ್ನಿನ ಅರ್ಧ ಮುರಿದು ಎದುರಿಗೆ ಸರಿಸಬೇಕು, ಇನ್ನೊಬ್ಬರು ತಿಂದರೆ ರಾಜಿ, ತಪ್ಪಾಯ್ತು ಅನ್ನೋ ಮಾತು ಆ ಮನೆಯಲ್ಲಿ ಯಾರ ಬಾಯಲ್ಲೂ ಹುಟ್ಟಲೇ ಇಲ್ಲ, ಈಗ ಕೈಯಿಂದ ಸರಿಸೋಣವೆಂದರೆ ಕೈಗೂ ವಯಸ್ಸಾಗಿ ಬಿಗುಮಾನ ಬಂದಿದೆ, ಗಾಜೇ ತಿರುಗಿ ಹೋದರೆ ಮೀಸೆಯೂ ಮಣ್ಣಾಗದು, ಜೀವಮಾನವಿಡೀ ಜನರನ್ನು ಮೇಲೆ ಕೆಳಗೆ ಸಾಗಿಸಿದವನು ಒಂದು ತಟ್ಟೆಯನ್ನು ಅಡ್ಡಕ್ಕೆ ಸಾಗಿಸಲಾರನೇ.

ಅಕ್ಕ ಮೂಗರಳಿಸಿ, ವಾಸನೆ ಚೆನ್ನಾಗಿದೆ ಅಂದಳು, ಗೋಡೆಗೆ ಹೇಳಿದ ಹಾಗೆ, ಇಲ್ಲಿಗೆ ಭಾವನೇ ಮೊದಲು ಕರೆತಂದದ್ದು, ಕಡ್ಡಿಯಲ್ಲಿ ನೂಡಲ್ಸ್ ಎತ್ತಿ ಎತ್ತಿ ಬೀಳಿಸಿ, ಮೀನು ಹಿಡಿಯೋದು ಇದಕ್ಕಿಂತ ಸಲೀಸು ಕಣಯ್ಯಾ ಎಂದು ನಗುತ್ತಿದ್ದ ಭಾವ, ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅಕ್ಕನ ಫೋನು — ನಮ್ಮ ಬಿಲ್ಡಿಂಗ್ ಲಿಫ್ಟ್ ಕೆಟ್ಟು ನಿಂತಿದೆ ಕಣೋ, ಎದೆ ಕುಯ್ಸಿಕೊಂಡು ಬಂದಿದಾರೆ, ಐದು ಮಹಡಿ ಹೆಂಗೋ ಹತ್ತಿಸ್ಲಿ, ಬಂದು ನೋಡೋ — ಅಕ್ಕಾ, ಆ ಲಿಫ್ಟು ನಮ್ಮ ಕಂಪನೀದಲ್ಲ, ನಾನು ಮುಟ್ಟಂಗಿಲ್ಲ, ರೂಲ್ಸು — ಹತ್ತು ನಿಮಿಷದ ಕೆಲಸವಾಗಿತ್ತು, ಬಹುಶಃ ಒಂದು ಫ್ಯೂಸು, ಭಾವ ಮೂರನೇ ಮಹಡಿಯ ತಿರುವಿನಲ್ಲಿ ಸ್ವಲ್ಪ ಕೂತ್ಕೋತೀನಿ ಎಂದು ಕೂತವರು ಮತ್ತೆ ಏಳಲಿಲ್ಲ, ಹದಿಮೂರನೆಯ ದಿನ ಅಕ್ಕ ಅವನ ಮುಂದೆ ತಟ್ಟೆಯಿಟ್ಟು, ನೀವು ಊಟ ಮಾಡ್ಕೊಂಡು ಹೋಗಿ ಅಂದಳು, ನೀವು, ಒಡಹುಟ್ಟಿದವನಿಗೆ, ಅವತ್ತಿನಿಂದ ಅದೇ ಮರ್ಯಾದೆ, ಅದರ ಬದಲು ಕೆನ್ನೆಗೆ ಎರಡು ಬಿಟ್ಟಿದ್ದರೆ ಎಷ್ಟು ತಂಪಾಗಿರುತ್ತಿತ್ತು — ಎಷ್ಟು ಜನ ಸಾರ್, ಬಡಿಸುವ ಹುಡುಗಿ, ಕಿವಿಯ ಮೇಲೆ ಪೆನ್ನು, ಇಬ್ರಮ್ಮಾ, ಆ ಗುಂಡುಮೇಜು, ಅಯ್ಯೋ ಅದು ಕೊಡಕ್ಕಾಗಲ್ಲ ಸಾರ್, ನಾಲ್ಕು ಜನ ಇರ್ಬೇಕು, ಅಲ್ಲೇ ಬರ್ದಿದೀವಲ್ಲ, ಗೋಡೆಯ ಮೇಲೆ ಹೌದು, ಕೆಂಪಕ್ಷರದಲ್ಲಿ, ನಾಲ್ವರಿಗಿಂತ ಕಡಿಮೆಯಿದ್ದರೆ ಗುಂಡುಮೇಜು ಇಲ್ಲ, ನಾಲ್ವರಿಗಿಂತ ಹೆಚ್ಚು ಹತ್ತಬಾರದು ಎಂಬ ಫಲಕವನ್ನು ಊರಿನ ಲಿಫ್ಟುಗಳಿಗೆಲ್ಲ ಮೊಳೆ ಹೊಡೆದವನು ಸೋಮವಾರ ಮೇಜಿನ ಹೊಟ್ಟೆ ನೋಡಿದ್ದ, ಗೋಡೆ ನೋಡಿರಲಿಲ್ಲ, ಖಾಲಿ ಇದೆಯಲ್ಲಮ್ಮಾ, ಖಾಲಿ ಇದ್ರೂ ಅಷ್ಟೇ ಸಾರ್, ರೂಲ್ಸು, ಅಲ್ಲಿ ಸ್ಟೂಲ್ ಇದೆ ನೋಡಿ, ಇಬ್ರಿಗೆ ಆರಾಮು.

ಸ್ಟೂಲು ಅಂದರೆ ಸೊಂಟದೆತ್ತರ, ಗೋಡೆಗೆ ಮುಖ, ಅಕ್ಕಪಕ್ಕ ಕೂತು ಸುಣ್ಣ ನೋಡುತ್ತ ತಿನ್ನಬೇಕು, ಹುಡುಗಿಯ ಹತ್ತಿರ ಜಗಳಾಡಬೇಕು ಅನಿಸಿತು, ಬಾಯಿ ತೆರೆದ, ರೂಲ್ಸು, ಆ ಎರಡಕ್ಷರ ಅವನದೇ ಬಾಯಿಂದ ಹೋಗಿ ಊರು ಸುತ್ತಿ ವಾಪಸು ಬಂದಿದೆ, ಅದಕ್ಕೆ ಏನಂತ ಎದುರಾಡುವುದು, ಮಾಡಿದ್ದುಣ್ಣೋ ಮಹರಾಯ, ಮೆನುವಿನಲ್ಲಿ ಇಲ್ಲದಿದ್ದರೂ ಬಿಸಿಬಿಸಿ ಬಂತು, ಅಕ್ಕ ನಕ್ಕಳು, ಮೂರು ವರ್ಷದಲ್ಲಿ ಮೊದಲ ಸಲ, ರೂಲ್ಸ್ ಅಂದ್ಮೇಲೆ ರೂಲ್ಸೇ ಅಲ್ವಾ, ನಿಮಗೆ ಗೊತ್ತಿಲ್ದೇ ಇರೋದಾ, ಒಂದು ಕಾಲು ಸ್ಟೂಲಿನ ಸರಳಿಗಿಟ್ಟಳು, ಐದು ಮಹಡಿ ಹತ್ತಿಳಿದ ಮಂಡಿ ಚಿಟಿಕೆ ಹೊಡೆದ ಹಾಗೆ ಲಟಕ್ಕೆಂದಿತು, ಕಾಲು ಇಳಿಸಿದಳು, ನನ್ನ ಕೈಲಾಗಲ್ಲ, ನೀವು ತಿಂದು ಬನ್ನಿ, ಈಗ ಹೇಳು, ಮೇಜೂ ಬೇಡ, ಗಾಜೂ ಬೇಡ, ಎರಡೇ ಎರಡು ಪದ, ಮೊದಲನೆಯದು ಹೊರಬಂತು, ಅಕ್ಕಾ, ಏನು, ಅವಳು ತಿರುಗಿದಳು, ನಿಂತಳು, ನಿಜವಾಗಿ ಕಾದಳು, ಅದು ಅವನಿಗೆ ಕಂಡಿತು, ಅದು — ಟ್ಯಾಕ್ಸಿ ಕರೀಲಾ, ಬೇಡ ಅಂದು ಹೊರಟೇ ಹೋದಳು, ಬಾಗಿಲ ಗಂಟೆ ಅಲ್ಲಾಡಿತು, ಕೊರಳಿಗೆ ಆಫೀಸಿನ ಗುರುತಿನ ಚೀಟಿ ಹಾಕಿಕೊಂಡ ನಾಲ್ವರು ನಗುತ್ತ ಒಳಬಂದರು, ಬನ್ನಿ ಬನ್ನಿ ಎಂದಳು ಹುಡುಗಿ, ಗುಂಡುಮೇಜು, ಮೋಮೋ, ಹಬೆ, ಒಬ್ಬ ಹರಟೆಯ ನಡುವೆ ಸುಮ್ಮನೆ ಬೆರಳು ತಾಗಿಸಿದ, ಗಾಜು ತಿರುಗಿತು, ಸದ್ದೇ ಇಲ್ಲ, ಎರಡು ಹನಿ, ತಟ್ಟೆ ಒಬ್ಬರ ಮುಂದಿನಿಂದ ಇನ್ನೊಬ್ಬರ ಮುಂದಕ್ಕೆ, ಯಾರೂ ಹಿಡಿಯಲಿಲ್ಲ, ಅರ್ಧ ಸುತ್ತು, ಮೂರನೇ ಮಹಡಿಯ ತಿರುವು, ಮುಕ್ಕಾಲು, ಗಾಜು ತಿರುಗುತ್ತದೆ, ಸದ್ದೇ ಇಲ್ಲ, ಗಾಜು