ಕೋಟಿನ ಒಂದು ತೋಳು

ಮಂಗಳವಾರ ಬೆಳಿಗ್ಗೆ ಹನ್ನೊಂದೂವರೆಗೆ ಹೆಲ್ಮೆಟ್ ಹಾಕಿದ್ದ ಮೂವರು ಮೂಲೆ ಕಟ್ಟಡದ ಟೈಲರ್ ಅಂಗಡಿಗೆ ನುಗ್ಗಿದರು. ಇಬ್ಬರು ಟೈಲರನನ್ನು ಹಿಡಿದುಕೊಂಡರು. ಮೂರನೆಯವನು ಅವನ ಬಲಗೈಯ ಎರಡು ಬೆರಳುಗಳನ್ನು ಅವನದೇ ಇಸ್ತ್ರಿಪೆಟ್ಟಿಗೆಯಿಂದ ಜಜ್ಜಿದ. "ತಿಂಗಳೊಳಗೆ ಅಂಗಡಿ ಖಾಲಿ ಮಾಡು" ಎಂದು ಹೇಳಿ ಮೂವರೂ ಹೊರಟುಹೋದರು.

ಆ ಕಟ್ಟಡದಲ್ಲಿ ಬಾಡಿಗೆಗಿದ್ದವರು ಟೈಲರ್, ಅವನ ಪಕ್ಕದಲ್ಲಿ ಗಡಿಯಾರ ರಿಪೇರಿಯವನು, ಮೆಟ್ಟಿಲ ಕೆಳಗೆ ಚಪ್ಪಲಿ ಹೊಲಿಯುವವಳು. ಮೂವರನ್ನೂ ಎಬ್ಬಿಸಬೇಕೆಂದಿದ್ದವನು ಊರಿನ ರೌಡಿ ದೊಡ್ಡಣ್ಣ. ಈ ಸಂಗತಿ ಊರಿಗೆಲ್ಲ ಗೊತ್ತಿತ್ತು, ಪೊಲೀಸ್ ಠಾಣೆಯೊಂದನ್ನು ಬಿಟ್ಟು.

ದೊಡ್ಡಣ್ಣನ ಹುಡುಗರು ಹೇಳಿದ ಕೆಲಸವನ್ನು ಹೇಳಿದಷ್ಟೇ ಮಾಡುವವರು. ಮಂಗಳವಾರದ ತಪ್ಪು ಅವರದಲ್ಲ. ಅಣ್ಣನ ಕೋಟು, ಷರಟುಗಳೆಲ್ಲ ವಿಮಾನ ಹತ್ತಿ ವಿದೇಶದಿಂದ ಬರುತ್ತವೆ ಎಂದು ಅವರು ನಂಬಿದ್ದರು. ನಂಬಿಸಿದ್ದವನು ಅಣ್ಣನೇ. ನಿಜದಲ್ಲಿ ಅವನು ಹನ್ನೆರಡು ವರ್ಷಗಳಿಂದ ಮಧ್ಯಾಹ್ನ ಜನ ಊಟಕ್ಕೆ ಹೋದ ಹೊತ್ತು ನೋಡಿ, ಹಿಂಬಾಗಿಲಿನಿಂದ ಒಬ್ಬನೇ ಈ ಅಂಗಡಿಗೆ ಬರುತ್ತಿದ್ದ. ಟೈಲರನ ಮುಂದೆ ಉಸಿರು ಬಿಗಿಹಿಡಿದು, ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತಿದ್ದ.

"ಮೂವತ್ತೆಂಟು ಅಂತ ಬರ್ಕೊಳ್ಳಿ ಮಾಸ್ಟರ್."

ಟೈಲರ್ ಮೂವತ್ತೆಂಟು ಎಂದು ಬರೆದು ನಲವತ್ತಾರಕ್ಕೆ ಕತ್ತರಿಸುತ್ತಿದ್ದ. ಸೊಂಟದ ಈ ಗುಟ್ಟು ಹೊರಬೀಳದಂತೆ ದೊಡ್ಡಣ್ಣ ಪಟ್ಟ ಪಾಡನ್ನು ತನ್ನ ಮೇಲಿನ ಕೊಲೆ ಕೇಸು ಹೊರಬೀಳದಂತೆಯೂ ಪಟ್ಟಿರಲಿಲ್ಲ. "ಆ ಕಟ್ಟಡದವರಿಗೆ ಸ್ವಲ್ಪ ಬಿಸಿ ಮುಟ್ಟಿಸಿ" ಎಂದು ಹುಡುಗರಿಗೆ ಹೇಳಿದಾಗ, ಟೈಲರನ ತಂಟೆಗೆ ಹೋಗಬೇಡಿ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಆದರೆ "ಯಾಕಣ್ಣ?" ಎಂದು ಕೇಳಿಬಿಟ್ಟರೆ? ನುಂಗಿಕೊಂಡ.

ಹಾಗಾಗಿ ಅವನ ಕೋಟು ಅರ್ಧಕ್ಕೆ ನಿಂತಿತು, ಟೈಲರ್ ಠಾಣೆಯ ಮೆಟ್ಟಿಲನ್ನೂ ಹತ್ತಿದ. ಎರಡನ್ನೂ ಸರಿಮಾಡಲು ಗುರುವಾರ ಅವನು ಮೊದಲ ಸಲ ಮುಂಬಾಗಿಲಿನಿಂದಲೇ ಬರಬೇಕಾಯಿತು. ಹಿಂದೆ ಮೂವರು ಹುಡುಗರು. ಅವರ ಹಿಂದೆ ಇನ್ಸ್‌ಪೆಕ್ಟರ್.

ಅಂಗಡಿಯ ನಡುವೆ ಮರದ ಬೊಂಬೆಯ ಮೇಲೆ ಅಣ್ಣನ ಹೊಸ ಕೋಟು ನಿಂತಿತ್ತು. ಎಡತೋಳು ಕೂತಿತ್ತು, ಬಲತೋಳು ಇಸ್ತ್ರಿ ಮೇಜಿನ ಮೇಲೆ ಬಿದ್ದಿತ್ತು. ಪಕ್ಕದ ಸ್ಟೂಲಿನ ಮೇಲೆ ಟೈಲರ್, ಎರಡು ಬೆರಳುಗಳಿಗೆ ದಪ್ಪ ಬ್ಯಾಂಡೇಜು ಸುತ್ತಿಸಿಕೊಂಡು ಕೂತಿದ್ದ. ಅವನ ಹೆಂಡತಿ, ಗುಂಡಿಯ ತೂತಿಗೆ ಕಾಜಾ ಹೊಲಿಯುತ್ತಿದ್ದುದರಿಂದ ಬೀದಿಯವರೆಲ್ಲ ಕಾಜಾ ಅಕ್ಕ ಎನ್ನುತ್ತಿದ್ದವಳು, ಹೊಲಿಗೆಯಿಂದ ತಲೆಯೆತ್ತಲಿಲ್ಲ.

ದೊಡ್ಡಣ್ಣ ಕೋಟನ್ನು ನೋಡಿದ, ಬೆರಳುಗಳನ್ನು ನೋಡಿದ, ಹುಡುಗರ ಕಡೆ ತಿರುಗಿದ.

"ಅಲ್ರೋ, ಬಲಗೈಯೇ ಬೇಕಿತ್ತಾ? ಕಾಲಿಗೆ ಹೊಡೆದಿದ್ರೆ ಆಗ್ತಿರ್ಲಿಲ್ವಾ?" ಆಮೇಲೆ ಇನ್ಸ್‌ಪೆಕ್ಟರ್ ಇದ್ದದ್ದು ನೆನಪಾಗಿ, "ಹೊಡೆದೋರು ಯಾರೋ, ಅವರಿಗೆ ಹೇಳ್ತಿದೀನಿ" ಎಂದ.

ಇನ್ಸ್‌ಪೆಕ್ಟರ್ ಬೀದಿಯಲ್ಲಿ ಹೋಗುವ ಗಾಡಿಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ಕಾಲು ಹೋಗಿದ್ರೆ ಮಿಷನ್ ತುಳಿಯೋದು ಯಾರು ಅಣ್ಣ?" ಎಂದ ಟೈಲರ್, ವಿನಯವಾಗಿ.

"ಭಾನುವಾರ ಬೇಕು ಮಾಸ್ಟರ್, ಕೋಟು. ಸಭೆ ಇದೆ."

"ಏನ್ ಸಭೆ?" ಕಾಜಾ ಅಕ್ಕ ಕೇಳಿದಳು.

ಉತ್ತರ ಇನ್ಸ್‌ಪೆಕ್ಟರರಿಂದ ಬಂತು. ಊರಿನಲ್ಲಿ ರೌಡಿಗಳ ಹಾವಳಿ ಹೆಚ್ಚಿದೆ. ಅದನ್ನು ಹತೋಟಿಗೆ ತರಲು ಇಲಾಖೆ ಶಾಂತಿ ಸಮಿತಿ ರಚಿಸಿದೆ. ಭಾನುವಾರ ಉದ್ಘಾಟನೆ. ಅಧ್ಯಕ್ಷರು ಇವರೇ.

"ಇವರೇನಾ?"

"ನೋಡಮ್ಮ, ಗಲಾಟೆ ಎಲ್ಲಾ ಆಗೋದು ಇವರ ಕಡೆಯಿಂದ. ಇವರನ್ನೇ ಅಧ್ಯಕ್ಷರು ಮಾಡಿದ್ರೆ ಆಮೇಲೆ ಗಲಾಟೆ ಮಾಡೋರ್ ಯಾರು?"

"ಉಪಾಧ್ಯಕ್ಷರು" ಎಂದಳು ಕಾಜಾ ಅಕ್ಕ.

ಹುಡುಗರಲ್ಲೊಬ್ಬ ನಕ್ಕುಬಿಟ್ಟು, ಅಣ್ಣನ ಮುಖ ನೋಡಿ ಕೆಮ್ಮಿದ. ಅವನು ಅಗಲ ಎದೆಯ, ಒಂದು ಕಡೆ ವಾಲಿ ನಿಲ್ಲುವ ಆಳು. ಅವನ ಮನಸ್ಸಿನಲ್ಲಿ ಬೇರೆಯೇ ಪ್ರಶ್ನೆ ಕೊರೆಯುತ್ತಿತ್ತು.

"ಅಣ್ಣ, ನಿಮ್ಮ ಕೋಟು ವಿದೇಶದ್ದಲ್ವಾ?"

"ಬಟ್ಟೆ ವಿದೇಶದ್ದೇ ಕಣೋ! ಹೊಲಿಗೆ ಮಾತ್ರ..."

"ಸೊಂಟ ಮಾತ್ರ ಇಲ್ಲಿಂದೇ. ನಲವತ್ತಾರು" ಎಂದಳು ಕಾಜಾ ಅಕ್ಕ, ಬೀದಿಗೆ ಕೇಳುವಂತೆ.

ಹನ್ನೆರಡು ವರ್ಷಗಳ ಹೊಟ್ಟೆ ಒಮ್ಮೆಲೇ ಸಡಿಲಾಯಿತು. ಅಂಗಡಿಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

"ಕೋಟು ನಾನೇ ಮುಗಿಸಿಕೊಡ್ತೀನಿ ಬಿಡಿ. ತೋಳು ಕೂರಿಸೋದು ನನಗೂ ಬರುತ್ತೆ" ಎಂದು ಅವಳು ಎದ್ದಳು. ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡಳು. "ಅಧ್ಯಕ್ಷರ ಹಿಂದೆ ನಿಲ್ಲೋರು ಹೀಗೆ ಬನಿಯನ್ನಲ್ಲಿ ನಿಂತ್ರೆ ಚೆನ್ನಾಗಿರುತ್ತಾ? ಬಾಪ್ಪ, ಕೈ ಅಗಲಿಸು."

ವಾಲುಭುಜದವನು ಅಣ್ಣನ ಕಡೆ ನೋಡಿದ. ಅಣ್ಣ ಇನ್ನೂ ಸೊಂಟದ ದುಃಖದಲ್ಲಿದ್ದ. ಹುಡುಗ ಖುಷಿಯಿಂದ ಕೈ ಅಗಲಿಸಿದ. ಜೀವನದಲ್ಲಿ ಯಾರೂ ಅವನಿಗೆಂದು ಅಳತೆ ತೆಗೆದಿರಲಿಲ್ಲ. ಎಲ್ಲ ಬೇರೆಯವರು ತೊಟ್ಟು ಬಿಟ್ಟದ್ದೇ.

"ಎದೆ ನಲವತ್ತೊಂದು. ಭುಜ ಹದಿನೆಂಟೂಕಾಲು. ಎಡಗೈ ಇಪ್ಪತ್ತನಾಲ್ಕು. ಬಲಗೈ..." ಅವಳು ಎರಡು ಸಲ ಅಳೆದಳು. "ಇಪ್ಪತ್ತನಾಲ್ಕು ಮುಕ್ಕಾಲು. ಎಡಭುಜ ಅರ್ಧ ಇಂಚು ಇಳಿದಿದೆ."

"ಬಲಗೈ ಉದ್ದ ಅಂತ ನಮ್ಮಮ್ಮನೂ ಹೇಳ್ತಿದ್ಲು ಅಕ್ಕ!" ಎಂದ ಅವನು, ಹಲ್ಲು ಬಿಟ್ಟು.

ಕಾಜಾ ಅಕ್ಕ ಅಳತೆ ಪುಸ್ತಕವನ್ನು ತೆರೆದು ಇನ್ಸ್‌ಪೆಕ್ಟರರ ಮುಂದೆ ಹಿಡಿದಳು.

ಟೈಲರ್ ಹೊಡೆದವರ ಮುಖ ನೋಡಿರಲಿಲ್ಲ. ಅದಕ್ಕೇ ಠಾಣೆಯಲ್ಲಿ ದೂರು ತೆಗೆದುಕೊಳ್ಳದೆ ವಾಪಸು ಕಳಿಸಿದ್ದರು. ಆದರೆ ಮೂವತ್ತು ವರ್ಷ ಟೇಪು ಹಿಡಿದವನ ಕಣ್ಣು ಎದುರು ನಿಂತವನನ್ನು ಅಳೆಯದೆ ಬಿಡುವುದಿಲ್ಲ, ಹೊಡೆಯಲು ನಿಂತವನನ್ನೂ. ಮಂಗಳವಾರ ಆಸ್ಪತ್ರೆಯ ಬೆಂಚಿನ ಮೇಲೆ ನೋವಿನಲ್ಲಿ ಹಲ್ಲು ಕಚ್ಚಿಕೊಂಡೇ ಅವನು ಹೇಳಿದ್ದ, ಅವಳು ಬರೆದುಕೊಂಡಿದ್ದಳು. ದಿನಾಂಕ, ಗಂಟೆ, ಕೆಳಗೆ ಮೂರು ಅಳತೆ. ಇಸ್ತ್ರಿಪೆಟ್ಟಿಗೆ ಎತ್ತಿದವನು: ಎದೆ ನಲವತ್ತೊಂದು, ಭುಜ ಹದಿನೆಂಟೂಕಾಲು, ಬಲಗೈ ಮುಕ್ಕಾಲು ಇಂಚು ಉದ್ದ, ಎಡಭುಜ ಅರ್ಧ ಇಂಚು ಇಳುಕಲು.

ಹುಡುಗನ ಕೈಗಳು ನಿಧಾನಕ್ಕೆ ಕೆಳಗಿಳಿದವು.

"ಇದನ್ನೆಲ್ಲ ಸಾಕ್ಷಿ ಅಂತಾರೇನಮ್ಮ?" ಎಂದರು ಇನ್ಸ್‌ಪೆಕ್ಟರ್.

"ಅನ್ನದಿದ್ರೆ ಬಿಡಿ ಸಾರ್. ಕೋರ್ಟಲ್ಲಿ ಜಡ್ಜ್ ಮುಂದೆ ಇನ್ನೊಂದ್ಸಲ ಅಳೀತೀನಿ. ಟೇಪು ನಂದೇ ತರ್ತೀನಿ."

ದೊಡ್ಡಣ್ಣ ಸ್ಟೂಲು ಎಳೆದುಕೊಂಡು ಕೂತ. ಅವನ ದನಿ ಈಗ ಮೆತ್ತಗಿತ್ತು. ಬೀದಿಯವರು ಹೆದರುತ್ತಿದ್ದುದು ಈ ದನಿಗೇ. "ಅಕ್ಕ, ಮನೆ ಮಂದಿ ಥರ ಮಾತಾಡೋಣ. ಆ ಹಾಳೆ ಹರಿದುಕೊಡಿ. ಮೆಟ್ಟಿಲ ಮೇಲೆ ಜಾರಿ ಬಿದ್ರು ಅಂತ ಸಾಹೇಬ್ರಿಗೆ ಎರಡು ಸಾಲು ಬರ್ಕೊಡಿ. ಅಂಗಡಿ ನಿಮ್ದೇ. ನಾನಿರೋ ತನಕ ನಿಮ್ಮನ್ನ ಯಾರೂ ಎಬ್ಬಿಸಲ್ಲ."

"ಪಕ್ಕದ ಗಡಿಯಾರದವರು? ಕೆಳಗಡೆ ಚಪ್ಪಲಿಯಮ್ಮ?"

"ಅವರ ವಿಷಯ ಬೇರೆ. ಅವರೇನು ನನಗೆ ಕೋಟು ಹೊಲೀತಾರಾ?"

ಗೋಡೆಯಾಚೆ ಗಡಿಯಾರದವನ ಸಣ್ಣ ಸುತ್ತಿಗೆಯ ಸದ್ದು ನಿಂತಿತ್ತು. ಅವನು ಗೋಡೆಗೆ ಕಿವಿಯಿಟ್ಟಿದ್ದಾನೆಂದು ಹೇಳಬೇಕಿರಲಿಲ್ಲ.

ಟೈಲರ್ ತನ್ನ ಮಿಷನ್ ಕಡೆ ನೋಡಿದ. ಮುಂದಿನ ತಿಂಗಳು ಅದು ಇಲ್ಲಿರುತ್ತದೋ ಬೀದಿಯಲ್ಲಿರುತ್ತದೋ ಎನ್ನುವುದು ಈಗ ಒಂದು ಹಾಳೆಯ ಮೇಲೆ ನಿಂತಿತ್ತು.

"ಕೊಟ್ಬಿಡೇ" ಎಂದ, ತಲೆ ತಗ್ಗಿಸಿ. "ಬೆರಳಂತೂ ಹೋಯ್ತು. ಅಂಗಡಿಯಾದ್ರೂ ಉಳೀಲಿ."

"ನೀವು ಮೆಟ್ಟಿಲ ಮೇಲೆ ಬಿದ್ರೇನ್ರೀ?"

ಅವನು ಬ್ಯಾಂಡೇಜಿನ ತುದಿಯನ್ನು ಸರಿಮಾಡಿಕೊಂಡ.

"ಕೇಳ್ತಿದೀನಿ. ಬಿದ್ರಾ?"

"ಇಲ್ಲ" ಎಂದ.

ಇನ್ಸ್‌ಪೆಕ್ಟರ್ ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಬಿಳಿಹಾಳೆಯ ಮೇಲಿಟ್ಟು ಅವಳ ಮುಂದೆ ಸರಿಸಿದರು. "ಅವರ ಕೈಲಿ ಬರೆಯೋಕಾಗಲ್ಲ. ನೀವೇ ಬರೀರಮ್ಮ. ನಾನು ಹೇಳ್ತೀನಿ, ಬರ್ಕೊಳ್ಳಿ: ನನ್ನ ಗಂಡ ಮಂಗಳವಾರ ಬೆಳಿಗ್ಗೆ..."

ಕಾಜಾ ಅಕ್ಕ ಅಳತೆ ಪುಸ್ತಕವನ್ನು ಮುಚ್ಚಿ ಎದೆಗವಚಿಕೊಂಡಳು.

"ಬರೆಯಲ್ಲ" ಎಂದಳು.