ಗಡ್ಡೆ ತಿನ್ನದವರ ಬದು

ಮನೆಗೆ ಯಾರಾದರೂ ಬರುತ್ತಾರೆಂದರೆ ಗುಡಿಸಿ ಒರೆಸದೆ ನನ್ನ ಕೈ ಸುಮ್ಮನಿರುವುದಿಲ್ಲ. ಇದೊಂದು ರೋಗವೇ ಅನ್ನಿ. ತೇರದಾಳದ ನಮ್ಮ ಹೊಲದ ಬದುವಿನಲ್ಲಿ ಮಳೆಗಾಲಕ್ಕೊಮ್ಮೆ ಅರಳುವ ಬಳ್ಳಿಹೂವಿನ ಫೋಟೋವನ್ನು ಮಗಳು ಪ್ರಾಚಿ ಫೋನಿನಲ್ಲಿ ಹಾಕಿದ್ದಳು. ಅದನ್ನು ನೋಡಿ ಧಾರವಾಡದಿಂದ ಮಂಗಲಾ ಎಂಬ ಸಸ್ಯಶಾಸ್ತ್ರದ ಮೇಡಂ ಫೋನ್ ಮಾಡಿದರು. ಎಲ್ಲೂ ಉಳಿದಿಲ್ಲ ಎಂದುಕೊಂಡಿದ್ದ ಬಳ್ಳಿಯಂತೆ ಅದು. ಮಳೆ ಬಿದ್ದ ಮೇಲೆ ನೋಡಲು ಬರುತ್ತೇನೆಂದರು.

ನಮ್ಮ ಬದುವೋ, ಬರೀ ಕಲ್ಲು, ಜಾಲಿ, ಕಸ. ಓದಿದ ಹೆಣ್ಣುಮಗಳು ಬಂದು ಇವರದೆಂಥ ಒಕ್ಕಲುತನ ಎಂದು ನಕ್ಕಾಳು ಅನ್ನಿಸಿತು. ಬೇಸಿಗೆಯಲ್ಲಿ ಬಳ್ಳಿಯ ಸುಳಿವೂ ಇರಲಿಲ್ಲ. ಮಳೆ ಬಂದರೆ ತಾನೇ ಏಳುತ್ತದಲ್ಲ ಎಂದುಕೊಂಡು, ಪಕ್ಕದ ಹೊಲಕ್ಕೆ ಪೈಪ್‌ಲೈನ್ ಅಗೆಯಲು ಬಂದಿದ್ದ ಜೆಸಿಬಿಯ ಮಾಂತೇಶನನ್ನು ಕರೆದು ಬದು ಸ್ವಚ್ಛ ಮಾಡಲು ಹೇಳಿದ್ದಾಯಿತು.

ಅಗೆಯುತ್ತಿದ್ದವನು ಇಳಿದು ಕೂಗಿದ. "ವೈನೀ, ಎಷ್ಟ್ ಗಡ್ಡಿ ಅದಾವು ನೋಡ್ರಿ! ಸಣ್ಣಾಂವ ಇದ್ದಾಗ ಗುಡ್ಡದಾಗ ಕೆದರಿ ತಿಂತಿದ್ದೆ. ಈಗ ಎಲ್ಲೀ ಸಿಗೂದಿಲ್ಲ."

"ನಾವು ಜೈನರು ಗಡ್ಡಿ ತಿನ್ನಂಗಿಲ್ಲಪಾ. ಒಂದೂ ಬಿಡಬ್ಯಾಡ, ಎಲ್ಲಾ ಒಯ್ಯಿ," ಎಂದೆ. ಹತ್ತಿರ ಹೋಗಿ ನೋಡಲೂ ಇಲ್ಲ. ಬದು ನಮ್ಮ ಅಂಗಳದಷ್ಟೇ ನುಣ್ಣಗಾಯಿತು, ನಾನು ಹಿಗ್ಗಿದೆ.

ಮಳೆಯಾಯಿತು, ಮೇಡಂ ಬಂದರು. ಹೋಳಿಗೆ ಮಾಡಿದ್ದೆ. ಮೊದಲು ಬದು ನೋಡೋಣ ಎಂದರು. ನೋಡಿ ನಿಂತೇಬಿಟ್ಟರು.

"ಇಲ್ಲಿ ಮಣ್ಣಾಗ ಗಡ್ಡಿ ಇದ್ದುವಲ್ರೀ?"

ನಾವು ಗಡ್ಡೆ ತಿನ್ನುವುದಿಲ್ಲ, ಎಲ್ಲಾ ಮಾಂತೇಶನಿಗೆ ಕೊಟ್ಟೆ ಎಂದು ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ತಿರುಗಿ ಅನ್ನುತ್ತಿದ್ದೆ, ನನ್ನ ಬಾಯಿಯೇನು ಕಡಿಮೆಯದಲ್ಲ. ಅವರು ಮೆಲ್ಲಗೆ ಹೇಳಿದರು.

"ಆ ಬಳ್ಳಿ ಗಡ್ಡಿಯಿಂದನ ಏಳತೈತ್ರಿ. ಎಲ್ಲಾ ಕಡೆ ಮಂದಿ ಅಗದು ತಿಂದು ಮುಗಿಸ್ಯಾರ. ನಿಮ್ಮ ಬದುವಿನಾಗಷ್ಟ ಯಾಕ ಉಳೀತು ಅಂತ ದಾರಿಯುದ್ದಕ್ಕೂ ವಿಚಾರ ಮಾಡಿದೆ. ನಿಮ್ಮ ಮನ್ಯಾಗ ಯಾರೂ ಗಡ್ಡಿ ತಿನ್ನೂದಿಲ್ಲ, ಅದಕ್ಕ ಉಳದಿತ್ತು."

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅತ್ತೆ, ಅತ್ತೆಯ ಅತ್ತೆ ಎಲ್ಲರೂ ಮುಟ್ಟದೆ ಬಿಟ್ಟದ್ದನ್ನು ನಾನು ನಾಲ್ಕು ಮಂದಿಯೆದುರು ಚಂದ ಕಾಣಲೆಂದು ಬುಡಸಮೇತ ಕೀಳಿಸಿದ್ದೆ. ಅಲ್ಲೇ ನಿಂತು ಮಾಂತೇಶನಿಗೆ ಫೋನ್ ಹಚ್ಚಿದೆ. ಒಂದಾದರೂ ಉಳಿದಿದೆಯೇನೋ ಎಂದು ಕೇಳಿದೆ.

"ಅಯ್ಯ ವೈನಿ, ಅವತ್ತ ಕುದಿಸಿ ತಿಂದ್ವಿ. ಹುಡುಗೂರು ಇನ್ನೂ ಬೇಕಂತ ಅತ್ತುವು. ಭಾಳ ಪುಣ್ಯಾ ಕಟಗೊಂಡ್ರಿ ನೀವು!" ಎಂದು ನಕ್ಕ. ಅದು ಪಕ್ಕದಲ್ಲಿದ್ದ ಮೇಡಂಗೂ ಕೇಳಿಸಿತು. ನಮ್ಮ ಜೊತೆ ಬಂದಿದ್ದ ಪ್ರಾಚಿ ನನ್ನ ಮುಖ ನೋಡಲಿಲ್ಲ.

ಮೇಡಂ ಬದುವಿನ ಪಕ್ಕದಲ್ಲಿ ಜೆಸಿಬಿ ಒಟ್ಟಿದ್ದ ಮಣ್ಣಿನ ಗುಡ್ಡೆಯ ಮುಂದೆ ಕೂತು ಕೈಯಿಂದ ಕೆದರತೊಡಗಿದರು. ನಾನೂ ಸೆರಗು ಸಿಕ್ಕಿಸಿ ಪಕ್ಕದಲ್ಲಿ ಕೂತೆ. ಜಿನೇಂದ್ರಾ, ಒಂದೇ ಒಂದು ಗಡ್ಡೆ ಸಿಗಲಪ್ಪಾ ಎಂದು ನಮ್ಮ ಮನೆತನದಲ್ಲಿ ಯಾರೂ ಬೇಡಿಕೊಂಡಿರಲಿಕ್ಕಿಲ್ಲ. ನಾನು ಬೇಡಿಕೊಂಡೆ. ಕತ್ತಲಾಗುವವರೆಗೆ ಕೆದರಿದರೂ ಸಿಗಲಿಲ್ಲ.